ಕಿರುಬರಹಕ್ಕೆ ಎಕ್ಸ್ ಅಥವಾ ಮ್ಯಾಸ್ಟೊಡಾನ್?

ಟ್ವಿಟರ್ ಎಂದು 2006ರಲ್ಲಿ ಆರಂಭವಾಗಿ 2023ರಲ್ಲಿ ಹೆಸರು ಬದಲಿಸಿಕೊಂಡ ಎಕ್ಸ್, ಭೂಕಂಪದಂತಹ ಸುದ್ದಿಯನ್ನು ಕ್ಷಣಾರ್ಧದಲ್ಲಿ ಹರಡಬಲ್ಲದಾದರೂ, ಯಾರ ಬರಹ ಯಾರಿಗೆ ಕಾಣಬೇಕೆಂಬುದನ್ನು ಅಲ್ಲಿ ಒಂದೇ ಸಂಸ್ಥೆ ನಿರ್ಧರಿಸುತ್ತದೆ. ಅದರ 280 ಅಕ್ಷರಗಳ ಉಚಿತ ಮಿತಿಯೂ ಕನ್ನಡಕ್ಕೆ ಬಿಗಿಯೇ: ನಾವು ಮೂರಕ್ಷರವೆಂದು ಓದುವ ‘ಸ್ವಾತಂತ್ರ್ಯ’ ಅಲ್ಲಿ ಗುಣಿತ, ಒತ್ತುಗಳೂ ಬೇರೆಬೇರೆಯಾಗಿ ಸೇರಿ 11 ಎಂದು ಎಣಿಕೆಯಾಗುತ್ತದೆ. 2016ರಲ್ಲಿ ಬಂದ, ಇಂಥದ್ದೇ ಕಿರುಬರಹದ ಜಾಲವಾದ ಮ್ಯಾಸ್ಟೊಡಾನ್‌ನಲ್ಲಿ ಸಾಮಾನ್ಯವಾಗಿ 500 ಅಕ್ಷರಗಳಿಗೆ ಅವಕಾಶವಿದೆ; ಓದುಗರು ಕಡಿಮೆ. ಆದರೆ ಸರ್ವರ್‌ಗಳು (ಖಾತೆಗಳನ್ನು ಇಟ್ಟುಕೊಂಡು ನಡೆಸುವ ಕಂಪ್ಯೂಟರ್‌ಗಳು) ಬೇರೆ ಬೇರೆಯವರ ಕೈಯಲ್ಲಿರುವುದರಿಂದ ಒಂದು ಮುಚ್ಚಿದರೂ ಜಾಲ ಉಳಿಯುತ್ತದೆ. ಆದರೂ ಎಚ್ಚರ ಬೇಕು, ಏಕೆಂದರೆ ಸರ್ವರ್ ಬದಲಿಸಿದಾಗ ಹಿಂಬಾಲಕರನ್ನು ಹೊಸ ಖಾತೆಗೆ ಕರೆದೊಯ್ಯಬಹುದೇ ಹೊರತು ಹಳೆಯ ಬರಹಗಳನ್ನಲ್ಲ. ತುರ್ತು ಸುದ್ದಿಗೆ ಎಕ್ಸ್ ಸಾಕು; ವರ್ಷಗಟ್ಟಲೆ ನಡೆಯಬೇಕಾದ ಸಂವಾದಕ್ಕೆ ನಾನು ಮ್ಯಾಸ್ಟೊಡಾನನ್ನೇ ಆರಿಸುತ್ತೇನೆ, ಆಗಾಗ ಬರಹಗಳ ಪ್ರತಿಯನ್ನು ಇಳಿಸಿಟ್ಟುಕೊಂಡು.