ಕೈ ಭೂತಗನ್ನಡಿ, ಸ್ಟ್ಯಾಂಡ್ ಭೂತಗನ್ನಡಿ, ವಿಡಿಯೋ ಮ್ಯಾಗ್ನಿಫೈಯರ್: ಮಂದದೃಷ್ಟಿಯವರ ಓದಿಗೆ ಯಾವುದು?

ವಯಸ್ಸಿನೊಂದಿಗೆ ಮ್ಯಾಕ್ಯುಲಾ (ಕಣ್ಣಿನ ಹಿಂಭಾಗದ ಅಕ್ಷಿಪಟಲದ, ಅಂದರೆ ರೆಟಿನಾದ, ನಡುಭಾಗ) ಸವೆದಾಗ ನೋಟದ ನಡುಭಾಗ ಮಸುಕಾಗುತ್ತದೆ, ಅಂಚಿನ ನೋಟ ಉಳಿಯುತ್ತದೆ. ಅಂಚಿನಲ್ಲಿ ಸಣ್ಣ ಅಕ್ಷರ ಹಿಡಿಯುವುದಿಲ್ಲ, ಆದ್ದರಿಂದ ಅದನ್ನು ಹಿಗ್ಗಿಸಲೇಬೇಕು. ಮೂರು ಸಾಧನಗಳನ್ನೂ ಒಂದೇ ಪುಟ, ಒಂದೇ ಮಾತ್ರೆ ಪಟ್ಟಿಯ (ಸ್ಟ್ರಿಪ್) ಮೇಲೆ ಹಿಡಿದು ನೋಡಿದಾಗ ಕಂಡದ್ದು ಇದು: ಎಷ್ಟು ಪಟ್ಟು ಹಿಗ್ಗಿಸುತ್ತದೆ ಎನ್ನುವುದಕ್ಕಿಂತ ಏನನ್ನು, ಎಷ್ಟು ಹೊತ್ತು ಓದಬೇಕು ಎನ್ನುವುದೇ ಮುಖ್ಯ.

ಕೈಯಲ್ಲಿ ಹಿಡಿಯುವ ಭೂತಗನ್ನಡಿ ಜೇಬಿಗೆ ಹಿಡಿಸುತ್ತದೆ, ಆದರೆ ಲೆಕ್ಕ ತಪ್ಪಿದರೆ ಏನೂ ಕಾಣದು. ಡಯಾಪ್ಟರನ್ನು (ಗಾಜಿನ ಶಕ್ತಿಯ ಅಳತೆ) 4ರಿಂದ ಭಾಗಿಸಿದರೆ ಎಷ್ಟು ಪಟ್ಟು ಎಂದು ಸಿಗುತ್ತದೆ. 100ನ್ನು ಡಯಾಪ್ಟರಿನಿಂದ ಭಾಗಿಸಿದರೆ ಕಾಗದದಿಂದ ಎಷ್ಟು ಸೆಂ.ಮೀ. ಮೇಲೆ ಹಿಡಿಯಬೇಕೆಂದು ತಿಳಿಯುತ್ತದೆ. 20 ಡಯಾಪ್ಟರಿನದು 5 ಪಟ್ಟು, ಎತ್ತರ 5 ಸೆಂ.ಮೀ. ಗಾಜನ್ನು ಪುಟದ ಮೇಲಿಟ್ಟು ನಿಧಾನವಾಗಿ ಎತ್ತುತ್ತಾ, ಅಕ್ಷರ ಕದಡುವ ಮುನ್ನ ನಿಲ್ಲಿಸಿ. ಈ ಎತ್ತರದಲ್ಲಿ ದೂರದ ಕನ್ನಡಕವೇ ಸಾಕು. ಕೈ ನಡುಗುವವರಿಗೆ ಎರಡು ಸಾಲು ದಾಟುವುದೂ ಕಷ್ಟ.

ಪುಟದ ಮೇಲೆ ಕಾಲೂರಿ ಕೂರುವ ಸ್ಟ್ಯಾಂಡ್ ಗನ್ನಡಿ ಎತ್ತರವನ್ನು ತಾನೇ ಕಾಯುತ್ತದೆ. ಒಂದು ಪುಟದಷ್ಟು ಓದಿಗೆ ನಮ್ಮ ಮತ ಇದಕ್ಕೇ. ಎಷ್ಟೋ ಜನ ಇದನ್ನು ಕೊಂಡು ಮೂಲೆಗೆ ಹಾಕುವುದು ಒಂದು ಸಣ್ಣ ತಪ್ಪಿನಿಂದ: ಇದಕ್ಕೆ ಓದುವ ಕನ್ನಡಕ ಹಾಕಿಕೊಳ್ಳಬೇಕು. ಏಕೆಂದರೆ ಇದರ ಬಿಂಬ ಗಾಜಿನ ಹಿಂದೆ ಸ್ವಲ್ಪವೇ ದೂರದಲ್ಲಿ ಮೂಡುತ್ತದೆ. ಕಣ್ಣನ್ನು ಗಾಜಿನ ಹತ್ತಿರ ತಂದಷ್ಟೂ ಹೆಚ್ಚು ಅಕ್ಷರಗಳು ಕಾಣುತ್ತವೆ. ಕುತ್ತಿಗೆ ನೋಯದಿರಲು ಪುಸ್ತಕದ ಕೆಳಗೆ ಇಳಿಜಾರಿನ ಹಲಗೆ ಇರಲಿ. ದಪ್ಪ ಪುಸ್ತಕದ ನಡುಮಡಿಕೆಯಲ್ಲಿ ಮಾತ್ರ ಇದು ಸೋಲುತ್ತದೆ, ಸ್ಟ್ಯಾಂಡ್ ಸಮವಾಗಿ ಕೂರದು.

ಮಾತ್ರೆ ಪಟ್ಟಿಯ ಬೆಳ್ಳಿಹಾಳೆಯಲ್ಲಿ ಒತ್ತಿದ ದಿನಾಂಕಕ್ಕೆ ಬಂದರೆ ಕೈ ಭೂತಗನ್ನಡಿಯೇ ಮೇಲು. ಸ್ಟ್ಯಾಂಡಿನಲ್ಲಿರುವ ಎಲ್‌ಇಡಿ ದೀಪದ ಬೆಳಕು ನೇರವಾಗಿ ಬಿದ್ದು ಹಾಳೆ ಹೊಳೆಯುತ್ತದೆ, ಅಂಕಿಗಳು ಅಳಿಸಿಹೋಗುತ್ತವೆ. ಗನ್ನಡಿಯಲ್ಲಿ ದೀಪವಿದ್ದರೆ ಆರಿಸಿ, ಪಕ್ಕದಿಂದ ಬೆಳಕು ಬೀಳುವಂತೆ ಪಟ್ಟಿಯನ್ನು ಓರೆಮಾಡಿದರೆ ಒತ್ತಿದ ಗೆರೆಗಳ ನೆರಳು ಎದ್ದು ಕಾಣುತ್ತದೆ.

ಕ್ಯಾಮೆರಾ ಹಿಡಿದ ಪುಟವನ್ನು ಪರದೆಯಲ್ಲಿ ದೊಡ್ಡದಾಗಿ ತೋರಿಸುವ ವಿಡಿಯೋ ಮ್ಯಾಗ್ನಿಫೈಯರಿನ ದೊಡ್ಡ ಗುಣ ಹಿಗ್ಗಿಸುವುದಲ್ಲ, ಬಣ್ಣ ತಿರುವುಮುರುವು ಮಾಡುವುದು. ಮಾಸಿದ ಕಾಗದದ ಬೂದು ಅಕ್ಷರ ಕಪ್ಪಿನ ಮೇಲೆ ಬಿಳಿಯಾಗಿ ಎದ್ದು ನಿಲ್ಲುತ್ತದೆ, ಕಣ್ಣು ಕುಕ್ಕುವುದೂ ಕಡಿಮೆ. ಗಂಟೆಗಟ್ಟಲೆ ಓದುವವರಿಗೆ ಇದರ ಮುಂದೆ ಗಾಜು ನಿಲ್ಲದು. ಆದರೆ ಬೇಗ ಸರಿಸಿದರೆ ಚಿತ್ರ ಹಿಂದೆ ಬಿದ್ದು ತಲೆ ಸುತ್ತುತ್ತದೆ. ಬೇಕಾದಷ್ಟೇ ಹಿಗ್ಗಿಸಿ, ವಿಪರೀತ ಹಿಗ್ಗಿಸಿದರೆ ಪರದೆಯಲ್ಲಿ ಎರಡು ಮೂರು ಅಕ್ಷರಗಳಷ್ಟೇ ಉಳಿದು ಪದದ ಜಾಡು ತಪ್ಪುತ್ತದೆ. ಇದರ ಬದಲು ಮೊಬೈಲ್ ಬಳಸುವುದಾದರೆ, ಎಷ್ಟೋ ಮೊಬೈಲ್ ಕ್ಯಾಮೆರಾಗಳು ತೀರಾ ಹತ್ತಿರ ಫೋಕಸ್ ಆಗವು. ಸ್ವಲ್ಪ ದೂರದಿಂದ ಫೋಟೋ ತೆಗೆದು, ಆಮೇಲೆ ಬೆರಳಿನಿಂದ ಹಿಗ್ಗಿಸಿ.

ಗಾಜಿನ ಎರಡೂ ಬಗೆಯನ್ನು ಬಿಸಿಲು ಬೀಳುವ ಕಿಟಕಿಯ ಬಳಿ ತೆರೆದಿಡಬೇಡಿ, ಕಾಗದಕ್ಕೆ ಬೆಂಕಿ ಹತ್ತಬಹುದು.

ಕಳೆದ ವಾರ ಸಾಕಾಗುತ್ತಿದ್ದ ಗನ್ನಡಿ ಈಗ ಸಾಲದೆ ಹೋದರೆ ದಯವಿಟ್ಟು ಇನ್ನೂ ದಪ್ಪನೆಯದನ್ನು ಕೊಳ್ಳಲು ಹೊರಡಬೇಡಿ. ಒಂದೊಂದೇ ಕಣ್ಣು ಮುಚ್ಚಿ ಬಾಗಿಲ ಚೌಕಟ್ಟನ್ನು ನೋಡಿ. ಎರಡೂ ತೆರೆದಿದ್ದರೆ ಚೆನ್ನಾಗಿರುವ ಕಣ್ಣು ಇನ್ನೊಂದರ ದೋಷವನ್ನು ಮರೆಮಾಚುತ್ತದೆ. ನೇರ ಗೆರೆ ಹೊಸದಾಗಿ ಡೊಂಕಾಗಿ ಕಂಡರೆ ಅಥವಾ ನಡುವೆ ಹೊಸ ಕಲೆ ಮೂಡಿದ್ದರೆ ಅದು ಒದ್ದೆ ಬಗೆಯ (ಮ್ಯಾಕ್ಯುಲಾದ ಕೆಳಗೆ ಹೊಸ ರಕ್ತನಾಳಗಳು ಬೆಳೆದು ಸೋರುವ) ಸವೆತದ ಸುಳಿವಿರಬಹುದು. ಅದಕ್ಕೆ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್ ಇದೆ, ಬೇಗ ಶುರುವಾದಷ್ಟೂ ಉಳಿಯುವ ನೋಟ ಹೆಚ್ಚು. ಮುಂದಿನ ತಪಾಸಣೆಯವರೆಗೆ ಕಾಯದೆ ಕೂಡಲೇ ಅಕ್ಷಿಪಟಲದ ವೈದ್ಯರಿಗೆ ತೋರಿಸಿ.