ಚಿಕ್ಕಮಗಳೂರಾ, ಮಡಿಕೇರಿಯಾ, ಸಕಲೇಶಪುರವಾ? ಕಾರಿಲ್ಲದೆ ಮೂರೂ ಸುತ್ತಿದ ಮೇಲೆ

ನಮಗೆ ಕಾರಿಲ್ಲ. ಅಮ್ಮನಿಗೆ ಮಂಡಿನೋವು. ಇವೆರಡನ್ನೂ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೆಳಗಿನ ತೀರ್ಪೆಲ್ಲ ಇವುಗಳ ಮೇಲೇ ನಿಂತಿದೆ. ಕಾಫಿ ಸೀಮೆಗೆ ಹೋಗುವವರು ಹೆಚ್ಚಾಗಿ ತೋಟದೊಳಗಿನ ಹೋಂಸ್ಟೇಯಲ್ಲಿ ಇಳಿದು, ಜೀಪ್ ಹತ್ತಿ, ಗುಡ್ಡ ನೋಡಿ ವಾಪಸ್ ಬರುತ್ತಾರೆ. ಅವರಿಗೆ ಊರು ಅಂದರೆ ಪೆಟ್ರೋಲ್ ಹಾಕಿಸುವ ಜಾಗ. ನಾವು ಉಳಿದದ್ದೇ ಊರೊಳಗೆ, ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜ್‌ಗಳಲ್ಲಿ. ಒಂದೊಂದು ಕಡೆ ಎರಡೆರಡು ರಾತ್ರಿ. ಚಿಕ್ಕಮಗಳೂರು ಡಿಸೆಂಬರ್‌ನಲ್ಲಿ, ಸಕಲೇಶಪುರ ಮಾರ್ಚ್ ಕೊನೆಯಲ್ಲಿ, ಮಡಿಕೇರಿ ಜುಲೈನಲ್ಲಿ. ಚಳಿಗಾಲದ ಊರಿನ ಜೊತೆ ಮಳೆಗಾಲದ ಊರನ್ನು ತೂಗುವುದು ನ್ಯಾಯವಲ್ಲ, ಗೊತ್ತು. ರಜ ಸಿಕ್ಕಿದ್ದು ಹಾಗೆ.

ಕಾಫಿಯೇ ಮುಖ್ಯ ಅನ್ನುವವರಿಗೆ ಚಿಕ್ಕಮಗಳೂರು. ಇದರಲ್ಲಿ ವಾದ ಬೇಡ. ಬಾಬಾಬುಡನ್ ಅವರು ಯೆಮೆನ್ ಕಡೆಯಿಂದ ಏಳು ಬೀಜ ಬಚ್ಚಿಟ್ಟು ತಂದ ಕಥೆ ಎಲ್ಲರಿಗೂ ಗೊತ್ತು. ಆ ಬೀಜ ಬಿತ್ತಿದರು ಅನ್ನುವ ಗಿರಿ ಈ ಊರಿನ ಬೆನ್ನಿಗೇ ಇದೆ. ಎಂ.ಜಿ. ರಸ್ತೆಯಲ್ಲಿ ನಡೆದರೆ ಹುರಿಯುವ ವಾಸನೆ ಮೂಗಿಗೆ ಬರುತ್ತದೆ. ಪುಡಿ ಅಂಗಡಿಯಲ್ಲಿ ಮೊದಲ ಪ್ರಶ್ನೆಯೇ 'ಚಿಕೋರಿ ಎಷ್ಟು ಹಾಕ್ಲಿ?' ಪ್ಲಾಂಟೇಶನ್ ಬೇಕಾ, ಪೀಬೆರಿ ಬೇಕಾ ಅಂತ ಕೇಳಿದಾಗ ನಾನು ಸುಮ್ನೆ ತಲೆ ಆಡಿಸಿದೆ. ಆಮೇಲೆ ಕಾಫಿ ಬೋರ್ಡ್‌ನ ಮ್ಯೂಸಿಯಂನಲ್ಲಿ ವಿಷಯ ತಲೆಗೆ ಹೋಯಿತು. ಅರೇಬಿಕಾ ಹಣ್ಣಿನ ಸಿಪ್ಪೆ ತೆಗೆದು, ತೊಳೆದು, ಒಣಗಿಸಿದರೆ ಪ್ಲಾಂಟೇಶನ್. ಹಣ್ಣನ್ನು ಇಡಿಯಾಗಿ ಕಣದಲ್ಲಿ ಒಣಗಿಸಿದರೆ ಚೆರಿ. ಹಣ್ಣಿನೊಳಗೆ ಎರಡರ ಬದಲು ಒಂದೇ ಗುಂಡು ಬೀಜ ಇದ್ದರೆ ಪೀಬೆರಿ. ಐವತ್ತು ವರ್ಷದಿಂದ ದಿನಾ ಎರಡು ಲೋಟ ಕುಡಿದ ಅಮ್ಮ, 'ಇಷ್ಟು ಕೆಲಸ ಇದೆಯಾ ಇದಕ್ಕೆ' ಅಂದರು.

ಆದರೆ ಊರು ಬಿಟ್ಟು ಗುಡ್ಡಕ್ಕೆ ಹೊರಟರೆ ಕಥೆ ಬೇರೆ. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ಕರ್ನಾಟಕದ ಅತಿ ಎತ್ತರದ ಶಿಖರ. ನಮಗೆ ಟ್ಯಾಕ್ಸಿ ಬಿಟ್ಟರೆ ಬೇರೆ ದಾರಿ ಕಾಣಲಿಲ್ಲ. ಹೊರಡುವಾಗ ಒಂದು ರೇಟು, ಇಳಿಯುವಾಗ ಇನ್ನೊಂದು. ಶನಿವಾರ ಬೇರೆ. ಬೆಂಗಳೂರಿನ ಟ್ರಾಫಿಕ್ಕೇ ನಮ್ಮ ಹಿಂದೆ ಗುಡ್ಡ ಹತ್ತಿತ್ತು. ಕೊನೆಗೆ ಮೆಟ್ಟಿಲು. ಅಮ್ಮ ಕಾರಲ್ಲೇ ಕೂತು ಕಿತ್ತಳೆ ಸುಲಿದರು.

ಬರೀ ಊರು ಅಂತ ನೋಡಿದರೆ ಮಡಿಕೇರಿಯೇ ಚಂದ. ಬಸ್ ಇಳಿದು ಕಾಲ್ನಡಿಗೆಯಲ್ಲೇ ಕೋಟೆ, ಓಂಕಾರೇಶ್ವರ ದೇವಸ್ಥಾನ, ರಾಜಾಸೀಟ್ ಮೂರೂ ಮುಗಿಯುತ್ತವೆ. ಕೋಟೆಯೊಳಗಿನ ಎರಡು ಗಾರೆ ಆನೆಗಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳದವರು ಯಾರೂ ಇರಲಿಕ್ಕಿಲ್ಲ. ನನಗೆ ಹಿಡಿಸಿದ್ದು ಓಂಕಾರೇಶ್ವರ. 1820ರಲ್ಲಿ ಕೊಡಗಿನ ರಾಜ ಲಿಂಗರಾಜೇಂದ್ರ ಕಟ್ಟಿಸಿದ್ದು. ಶಿವನ ಗುಡಿ, ಮೇಲೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು, ಎದುರಿಗೆ ಕೊಳ. ಮಳೆ ಸುರಿಯುವಾಗ ಅದರ ಜಗಲಿಯಲ್ಲಿ ಮುಕ್ಕಾಲು ಗಂಟೆ ಕೂತೆವು, ಬೇಜಾರಾಗಲಿಲ್ಲ. ರಾಜಾಸೀಟ್‌ನಲ್ಲಿ ಮಾತ್ರ ಟಿಕೆಟ್ ಕೊಟ್ಟು ಬಿಳಿ ಗೋಡೆ ನೋಡಿದ ಹಾಗಾಯಿತು. ಎದುರಿಗೆ ಮಂಜು ಬಿಟ್ಟು ಇನ್ನೇನೂ ಇರಲಿಲ್ಲ.

ಊಟದಲ್ಲಿ ಉಳಿದೆರಡೂ ಇದರ ಹತ್ತಿರ ಬರುವುದಿಲ್ಲ. ಜುಲೈ ಅಂದರೆ ಕಣಿಲೆ, ಅಂದರೆ ಎಳೆ ಬಿದಿರಿನ ಕಾಲ. ಇಲ್ಲಿಯವರ ಬಾಯಲ್ಲಿ ಅದು ಬೈಂಬಳೆ. ಅಮ್ಮನಿಗೆ ಅಕ್ಕಿ ಒಟ್ಟಿ (ರೊಟ್ಟಿ), ಬೈಂಬಳೆ ಕರಿ. ನನಗೆ ಕಡಂಬುಟ್ಟು ಅನ್ನುವ ಅಕ್ಕಿ ಕಡುಬು, ಪಂದಿಕರಿ ಅಂದರೆ ಹಂದಿ ಮಾಂಸದ ಸಾರು. ಕಾಚಂಪುಳಿಯ ಆ ಕಪ್ಪು ಹುಳಿ ಇನ್ನೂ ನಾಲಿಗೆ ಮೇಲಿದೆ. ಕಾಫಿ ಮಾತ್ರ ಬೇಸರ. ದೇಶದಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆ ಕೊಡಗು. ಆದರೂ ಪೇಟೆಯ ಹೋಟೆಲಲ್ಲಿ ಸಿಕ್ಕಿದ್ದು ಹಾಲು ಸಕ್ಕರೆಯ ನೀರು. ಲಾಡ್ಜ್ ಅಡುಗೆಮನೆಯಲ್ಲಿ ಕೇಳಿದ ಮೇಲೆ ಬೆಲ್ಲ ಹಾಕಿದ ಕರಿ ಕಾಫಿ ಕೊಟ್ಟರು. ರೊಬಸ್ಟಾ, ಗಟ್ಟಿ, ಮಳೆಗೆ ಸರಿಯಾದದ್ದು. ಹೋಂ ಮೇಡ್ ಚಾಕಲೇಟ್ ಅಂಗಡಿಗಳ ಬಗ್ಗೆ ನಾನೇನೂ ಹೇಳುವುದಿಲ್ಲ. ಇನ್ನೊಂದು ತೊಂದರೆ, ಊರೆಲ್ಲ ಏರು ಇಳಿಜಾರು. ಎರಡನೇ ದಿನ ಅಮ್ಮನ ಮಂಡಿ ಊದಿತ್ತು. ಕೊಡಗಿಗೆ ರೈಲೂ ಇಲ್ಲ, ತಿರುವಿನ ರಸ್ತೆಯ ಬಸ್ಸೇ ಗತಿ.

ಸಕಲೇಶಪುರ ಪೇಟೆಯಲ್ಲಿ ನೋಡಲು ಏನಿದೆ? ನಿಜ ಹೇಳಬೇಕೆಂದರೆ, ಜಾಸ್ತಿ ಏನಿಲ್ಲ. ಹೇಮಾವತಿ ಇದೆ, ಮಂಗಳೂರು ಹೆದ್ದಾರಿಯ ಲಾರಿ ಸದ್ದು ರಾತ್ರಿಯೆಲ್ಲ ಇದೆ. ಮಂಜರಾಬಾದ್ ಕೋಟೆಗೆ ಆಟೋದಲ್ಲಿ ಹೋದೆವು. ಟಿಪ್ಪು 1792ರಲ್ಲಿ ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರ. ಆದರೆ ನಕ್ಷತ್ರ ಕಾಣುವುದು ಆಕಾಶದಿಂದ. ಮೆಟ್ಟಿಲು ಹತ್ತಿ ಒಳಗೆ ಹೋದ ನನಗೆ ಕಂಡದ್ದು ಗೋಡೆ, ಗೋಡೆ, ಮತ್ತೆ ಗೋಡೆ.

ನಮ್ಮ ಅದೃಷ್ಟ, ಅದರ ಹಿಂದಿನ ವಾರ ಹೂ ಮಳೆ ಬಿದ್ದಿತ್ತು. ಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ಕಾಫಿ ಹೂ ಅರಳುತ್ತದೆ, ಮೂರ್ನಾಲ್ಕು ದಿನಕ್ಕೆ ಮುಗಿಯುತ್ತದೆ. ಆಟೋ ನಿಲ್ಲಿಸಿ ಬೇಲಿ ಪಕ್ಕ ನಿಂತರೆ ಸಾಕು, ಮಲ್ಲಿಗೆಯಂಥ ವಾಸನೆ. ಗಿಡದ ಮೇಲೆ ಯಾರೋ ಮಂಡಕ್ಕಿ ಚೆಲ್ಲಿದ ಹಾಗೆ ಅಂದರು ಅಮ್ಮ. ಇದನ್ನು ಮೊದಲೇ ಪ್ಲಾನ್ ಮಾಡಿ ನೋಡಲು ಆಗುವುದಿಲ್ಲ, ಹಾಗಾಗಿ ಸಕಲೇಶಪುರಕ್ಕೆ ಇದರ ಅಂಕ ಕೊಡುತ್ತಿಲ್ಲ.

ಅಂಕ ಕೊಡುವುದು ರೈಲಿಗೆ. ನಾನೊಬ್ಬನೇ ಆದರೆ ಮಳೆಗಾಲದ ಮಡಿಕೇರಿಗೇ ಮತ್ತೆ ಹೋಗುತ್ತೇನೆ. ಚಿಕ್ಕಮಗಳೂರಿಗೆ ವಾರದ ನಡುವೆ, ಪುಡಿ ತರಲು. ಅಮ್ಮನ ಜೊತೆ ಅಂದರೆ ಸಕಲೇಶಪುರ. ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್ ಘಾಟಿ, 57 ಸುರಂಗ. ಹಗಲು ರೈಲು ತೆವಳಿಕೊಂಡು ಇಳಿಯಲು ಎರಡು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಜೀಪ್ ಬೇಡ, ಮೆಟ್ಟಿಲಿಲ್ಲ, ಕಾಡು ತಾನೇ ಕಿಟಕಿ ಹತ್ತಿರ ಬರುತ್ತದೆ. ಅಮ್ಮ ಬೆರಳು ಮಡಚಿ ಸುರಂಗ ಎಣಿಸುತ್ತಾ ಕೂತರು. ಮೂವತ್ತರ ಹತ್ತಿರ ವಡೆ ಮಾರುವವನು ಬಂದ, ಲೆಕ್ಕ ತಪ್ಪಿತು. ವಾಪಸ್ ಬರುವಾಗ ಮತ್ತೆ ಒಂದರಿಂದ ಶುರು ಮಾಡಿದರು.