ಹೆದ್ದಾರಿ ಅಗಲೀಕರಣ: ತೊರೆಗೆ ಪೈಪ್ ಮೋರಿಯೋ, ಕಿರುಸೇತುವೆಯೋ?

ಪೈಪ್ ಮೋರಿ ಅಗ್ಗ, ಕೆಲಸವೂ ಬೇಗ ಮುಗಿಯುತ್ತದೆ. ಆದರೆ ತೊರೆಗಿಂತ ಕಿರಿದಾದ ಪೈಪಿನಲ್ಲಿ ನೀರಿನ ವೇಗ ಹೆಚ್ಚುತ್ತದೆ. ಕೆಳಬದಿಯ ಮಣ್ಣು ಕೊಚ್ಚಿಹೋಗಿ ಗುಂಡಿ ಬೀಳುತ್ತದೆ, ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಮೇಲೆ ಉಳಿಯುತ್ತದೆ. ಆಮೇಲೆ ಹರಿವಿಗೆ ಎದುರಾಗಿ ಈಜುವ ಮೀನಿಗೆ ದಾರಿಯೇ ಇಲ್ಲ. ಕಸಕಡ್ಡಿ ಕಟ್ಟಿಕೊಂಡರೆ ನೆರೆ ರಸ್ತೆಯನ್ನೇ ಕಿತ್ತೊಯ್ಯಬಹುದು.

ಕಿರುಸೇತುವೆಗೆ ಮೊದಲ ಖರ್ಚು ಜಾಸ್ತಿ. ಆದರೆ ತೊರೆಯ ಕಲ್ಲು-ಮರಳಿನ ತಳ ಹಾಗೇ ಉಳಿಯುತ್ತದೆ, ದಡ ಬಿಟ್ಟು ಕಟ್ಟಿದರೆ ಪ್ರಾಣಿಗಳೂ ದಾಟುತ್ತವೆ. ವರ್ಷವಿಡೀ ಹರಿಯುವ ತೊರೆಗೆ ಇದೇ ಸರಿ, ಎರಡು ಮಾತಿಲ್ಲ. ಮಳೆನೀರಷ್ಟೇ ಸಾಗಿಸುವ ಚರಂಡಿಗೆ ಪೈಪ್ ಸಾಕು.

ಜೌಗು ಪ್ರದೇಶದ ಲೆಕ್ಕ ಬೇರೆ. ಮಣ್ಣು ತುಂಬಿ ರಸ್ತೆ ಏರಿಸಿದರೆ ಒಂದು ಬದಿ ಒಣಗಿ ಇನ್ನೊಂದು ಮುಳುಗಬಹುದು. ಮಾರ್ಗವನ್ನೇ ಪಕ್ಕಕ್ಕೆ ಸರಿಸುವುದು ಮೇಲು. ಆಗದಿದ್ದರೆ ಕಂಬಗಳ ಮೇಲಿನ ರಸ್ತೆ. ಹಾಳಾದ ಜೌಗಿಗೆ ಬದಲಾಗಿ ಬೇರೆಡೆ ಹೊಸದನ್ನು ನಿರ್ಮಿಸುವ ಮಾತು ಕಟ್ಟಕಡೆಗೆ ಬರಲಿ.